ಒಣದ್ರಾಕ್ಷಿ ಡಬ್ಬಿಯ ಮೇಲೊಂದು ಅಸ್ಥಿಪಂಜರ: ಚಿಕಾನಾ ಪ್ರಿಂಟ್ ಕಲಾವಿದೆಯರು ಮಾಡಿದ್ದೇನು?

ಪ್ರಶ್ನೆ: ದೃಶ್ಯಕಲಾ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಗ್ರಾಫಿಕ್ಸ್ ನನ್ನ ವಿಭಾಗ. ಸೆಮಿನಾರಿಗೆ ಚಿಕಾನೋ ಕಲೆಯನ್ನು, ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದವರ ಕಲೆಯನ್ನು ಆರಿಸಿಕೊಂಡೆ. ಎಲ್ಲಿ ಓದಿದರೂ ಗಂಡಸರ ಹೆಸರು, ದೊಡ್ಡ ದೊಡ್ಡ ಗೋಡೆಚಿತ್ರ. ಮಹಿಳೆಯರು ಪ್ರಿಂಟ್‌ಗಳನ್ನೂ ಮಾಡಿದರು ಎಂದು ಒಂದು ಸಾಲು ಬರುತ್ತದೆ, ಮುಗೀತು. ಅವರು ನಿಜಕ್ಕೂ ಏನು ಮಾಡಿದರು? ಅವರ ಹೆಸರು ಯಾಕೆ ಸಿಗುವುದಿಲ್ಲ? ಪ್ರಿಂಟ್ ಅಂದರೆ ಪೇಂಟಿಂಗಿಗಿಂತ ಕಡಿಮೆ ದರ್ಜೆ ಅನ್ನುವ ಕಾರಣಕ್ಕಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪ್ರಿಂಟ್ ಕಡಿಮೆ ದರ್ಜೆಯ ಕಲೆ ಅಲ್ಲ. ಆದರೆ ಹಾಗೆ ನೋಡುವವರು ಇದ್ದಾರೆ, ಅದರಲ್ಲೂ ದುಡ್ಡಿರುವ ಕಡೆ ಜಾಸ್ತಿ ಇದ್ದಾರೆ. ಪೇಂಟಿಂಗ್ ಒಂದೇ ಒಂದು ಇರುತ್ತದೆ, ಅದಕ್ಕೊಂದು ಬೆಲೆ. ಪ್ರಿಂಟ್ ಅಚ್ಚು ಹಾಕಿದ ಚಿತ್ರ, ಐವತ್ತೋ ನೂರೋ ಪ್ರತಿ ಇರುತ್ತದೆ. ಪೋಸ್ಟರ್ ಆದರೆ ಸಾವಿರ. ಮೆರವಣಿಗೆಯಲ್ಲಿ ಹಿಡಿದದ್ದು, ಕಂಬಕ್ಕೆ ಅಂಟಿಸಿದ್ದು, ಮಳೆಯಲ್ಲಿ ನೆನೆದದ್ದು. ಅದನ್ನು ಜೋಪಾನ ಮಾಡಬೇಕೆಂದು ಆಗ ಎಷ್ಟು ಜನಕ್ಕೆ ಅನ್ನಿಸಿರಬಹುದು? ಚಿತ್ರ ಮನೆಮನೆಗೆ ಹೋಯಿತು, ಮಾಡಿದವರ ಹೆಸರು ಜೊತೆಗೆ ಹೋಗಲಿಲ್ಲ. ಹಾಗಾಗಿ ಈ ಕಲಾವಿದೆಯರನ್ನು ಯಾರೂ ನೋಡಲಿಲ್ಲ ಅನ್ನುವುದು ನನ್ನ ಮಟ್ಟಿಗೆ ಅರ್ಧ ಸತ್ಯ. ನೋಡಿದರು, ಚೆನ್ನಾಗಿಯೇ ನೋಡಿದರು. ಯಾರ ಕೈಕೆಲಸ ಅಂತ ಕೇಳಲಿಲ್ಲ, ಅಷ್ಟೇ.

ಸೆಮಿನಾರಿನಲ್ಲಿ ಒಂದು ವಿಷಯ ಸ್ಪಷ್ಟ ಮಾಡಿ. ಚಿಕಾನಾ ಅಂದರೆ ಮೆಕ್ಸಿಕೊ ದೇಶದ ಮಹಿಳೆ ಅಲ್ಲ. ಅಮೆರಿಕದಲ್ಲೇ ಹುಟ್ಟಿ ಬೆಳೆದ, ಮೆಕ್ಸಿಕನ್ ಮೂಲದ ಮಹಿಳೆ. 1848ರಲ್ಲಿ ಯುದ್ಧ ಮುಗಿದಾಗ ಈಗಿನ ಕ್ಯಾಲಿಫೋರ್ನಿಯಾ ಸೇರಿದಂತೆ ಮೆಕ್ಸಿಕೊದ ದೊಡ್ಡ ಭಾಗವೇ ಅಮೆರಿಕದ ಪಾಲಾಯಿತು. ನಾವು ಗಡಿ ದಾಟಿ ಬಂದವರಲ್ಲ, ಗಡಿಯೇ ನಮ್ಮನ್ನು ದಾಟಿತು ಎಂದು ಅವರಲ್ಲಿ ಒಂದು ಮಾತೇ ಇದೆ. ಚಿಕಾನೋ ಅನ್ನುವುದು ಮೊದಲು ಬೈಗುಳದಂತೆ ಬಳಕೆಯಲ್ಲಿದ್ದ ಪದ. 1960ರ ದಶಕದ ಹುಡುಗ ಹುಡುಗಿಯರು ಅದನ್ನೇ ಎತ್ತಿ ತಲೆ ಮೇಲೆ ಇಟ್ಟುಕೊಂಡರು. ಅದರ ಸ್ತ್ರೀಲಿಂಗ ಚಿಕಾನಾ. ಆದರೆ ಕೊನೆಯಲ್ಲಿರುವ ಆ ‘ನಾ’ ಬರೀ ವ್ಯಾಕರಣ ಅಲ್ಲ. ಅದರೊಳಗೊಂದು ಜಗಳ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಈ ಚಿಕಾನೋ ಹಕ್ಕುಗಳ ಚಳವಳಿಯ ಕಥೆ ಸಾಮಾನ್ಯವಾಗಿ ದ್ರಾಕ್ಷಿ ತೋಟದಿಂದ ಶುರುವಾಗುತ್ತದೆ. 1965ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಡೆಲಾನೋ ಎಂಬ ಊರಿನಲ್ಲಿ ಫಿಲಿಪಿನೋ ಕೂಲಿಗಳು ಮೊದಲು ಕೆಲಸ ನಿಲ್ಲಿಸಿದರು. ಸೀಸರ್ ಚಾವೆಜ್ ಮತ್ತು ಡೊಲೊರೆಸ್ ಹುಯೆರ್ಟಾ ಕಟ್ಟಿದ್ದ ಸಂಘ ಕೆಲವೇ ದಿನಗಳಲ್ಲಿ ಅವರ ಜೊತೆ ಸೇರಿತು. ಐದು ವರ್ಷ ನಡೆದ ಹೋರಾಟ ಅದು. ದ್ರಾಕ್ಷಿ ಕೊಳ್ಳಬೇಡಿ ಎಂದು ದೇಶದ ಉದ್ದಗಲಕ್ಕೂ ಹೇಳಬೇಕಿತ್ತು. ಕೈಯಲ್ಲಿ ಕಾಸಿಲ್ಲ, ಟಿವಿ ಅವರದ್ದಲ್ಲ, ದೊಡ್ಡ ಪತ್ರಿಕೆಗಳೂ ಅವರದ್ದಲ್ಲ. ಇದ್ದದ್ದು ಪೋಸ್ಟರ್.

ಗ್ರಾಫಿಕ್ಸ್ ಓದುವ ನಿಮಗೆ ಇದು ಗೊತ್ತೇ ಇದೆ, ಬೇರೆ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಮದುವೆ ಕಾರ್ಡು, ಬಟ್ಟೆಯ ಬ್ಯಾನರು ಅಚ್ಚಾಗುತ್ತಿದ್ದದ್ದು ಇದೇ ಸ್ಕ್ರೀನ್ ಪ್ರಿಂಟಿಂಗಿನಲ್ಲಿ. ಒಂದು ಚೌಕಟ್ಟು, ಅದಕ್ಕೆ ಬಿಗಿದ ರೇಷ್ಮೆ ಇಲ್ಲವೇ ನೈಲಾನ್ ಬಟ್ಟೆ. ಬಣ್ಣ ಬೇಡದ ಕಡೆ ಬಟ್ಟೆಯ ತೂತು ಮುಚ್ಚುತ್ತಾರೆ. ಮೇಲೆ ಇಂಕು ಸುರಿದು ರಬ್ಬರಿನ ಪಟ್ಟಿಯಲ್ಲಿ ಎಳೆಯುತ್ತಾರೆ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಸ್ಕ್ರೀನ್. ಭಾರಿ ಯಂತ್ರ ಬೇಡ, ಕರೆಂಟೂ ಹೆಚ್ಚು ಬೇಡ. ಗ್ಯಾರೇಜು ಸಾಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಲಾಸ್ ಏಂಜಲೀಸಿನಲ್ಲಿ, ಸ್ಯಾಕ್ರಮೆಂಟೊದಲ್ಲಿ ಇಂಥ ಅಡ್ಡೆಗಳು ಹುಟ್ಟಿಕೊಂಡವು. ಸ್ಯಾನ್ ಫ್ರಾನ್ಸಿಸ್ಕೊದ ಲಾ ರಾಸಾ ಸಿಲ್ಕ್‌ಸ್ಕ್ರೀನ್ ಸೆಂಟರ್ ಕಟ್ಟಿದವರಲ್ಲಿ ಲಿಂಡಾ ಲುಸೆರೋ ಎಂಬ ಮಹಿಳೆಯೂ ಒಬ್ಬರು. ಹೆಸರು ಬರೆದಿಟ್ಟುಕೊಳ್ಳಿ.

ಇನ್ನು ಒಂದು ತಿದ್ದುಪಡಿ. ಗಂಡಸರು ಗೋಡೆಚಿತ್ರ ಬರೆದರು, ಹೆಂಗಸರು ಪ್ರಿಂಟ್ ಮಾಡಿದರು ಎಂದು ಹಂಚಿಬಿಡಬೇಡಿ. ಮಲಾಕಿಯಾಸ್ ಮೊಂಟೋಯಾ, ರೂಪರ್ಟ್ ಗಾರ್ಸಿಯಾ ಇಬ್ಬರೂ ದೊಡ್ಡ ಪೋಸ್ಟರ್ ಕಲಾವಿದರೇ. ಅತ್ತ ಮಹಿಳೆಯರೇ ಸೇರಿ ಕಟ್ಟಿದ ಮುಹೇರೆಸ್ ಮುರಾಲಿಸ್ಟಾಸ್ ಎಂಬ ಗೋಡೆಚಿತ್ರ ತಂಡವೂ ಇತ್ತು. ಯಾವ ಮಾಧ್ಯಮ ಹಿಡಿದರು ಅನ್ನುವುದಕ್ಕಿಂತ ಅದರಲ್ಲಿ ಯಾರನ್ನು ಚಿತ್ರಿಸಿದರು ಅನ್ನುವುದನ್ನು ನೋಡಿದರೆ ವ್ಯತ್ಯಾಸ ಸಿಗುತ್ತದೆ.

ಆ ಕಾಲದ ಪೋಸ್ಟರುಗಳಲ್ಲಿ ಮತ್ತೆ ಮತ್ತೆ ಬರುವವರು ಮೆಕ್ಸಿಕೊ ಕ್ರಾಂತಿಯ ನಾಯಕರಾದ ಎಮಿಲಿಯಾನೋ ಸಪಾಟಾ ಮತ್ತು ಪಾಂಚೋ ವಿಯಾ, ಹಳೆಯ ಮೆಕ್ಸಿಕೊದ ಅಜ್ಟೆಕ್ ಯೋಧ, ಚೆ ಗುವೆರಾ, ಚಾವೆಜ್. ಮೀಸೆ, ಬಂದೂಕು, ಎತ್ತಿದ ಮುಷ್ಟಿ. ಹೆಂಗಸಿದ್ದರೆ ತಾಯಿ ಅಥವಾ ದೇವಿ. ದೇವಿ ಅಂದರೆ ಗ್ವಾಡಲೂಪೆ ಮಾತೆ. 1531ರಲ್ಲಿ ಮೆಕ್ಸಿಕೊದ ತೆಪೆಯಾಕ್ ಗುಡ್ಡದಲ್ಲಿ ಮೂಲನಿವಾಸಿಯೊಬ್ಬನಿಗೆ ಕಂಡಳು ಎಂದು ನಂಬುವ ಕಂದು ಬಣ್ಣದ ಮೇರಿ ಮಾತೆ ಇವಳು. ತಲೆ ಬಾಗಿಸಿ, ಕೈ ಜೋಡಿಸಿ, ಸುತ್ತ ಕಿರಣಗಳ ನಡುವೆ ಅಲುಗಾಡದೆ ನಿಂತವಳು. 1966ರಲ್ಲಿ ಕೂಲಿಗಳು ಡೆಲಾನೋದಿಂದ ಸ್ಯಾಕ್ರಮೆಂಟೊಗೆ ನಡೆದು ಹೋದಾಗ ಮೆರವಣಿಗೆಯ ಮುಂದೆ ಅವಳ ಪಟ ಇತ್ತು.

ಒಂಬತ್ತು ವರ್ಷ ಬಿಟ್ಟು, 1975ರಲ್ಲಿ, ಎಸ್ಟರ್ ಹರ್ನಾಂಡೆಜ್ ಎಂಬವರು ಆ ದೇವಿಗೆ ಕರಾಟೆ ಬಟ್ಟೆ ತೊಡಿಸಿದರು. ಅದೊಂದು ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ತೆಗೆದ ಅಚ್ಚು. ನಕ್ಷತ್ರದ ಸೆರಗು ಹಾರುತ್ತಿದೆ, ಕಿರಣಗಳು ಹಾಗೇ ಇವೆ, ದೇವಿ ಮಾತ್ರ ಕಾಲೆತ್ತಿ ಚೌಕಟ್ಟಿನ ಆಚೆಗೆ ಒದೆಯುತ್ತಿದ್ದಾಳೆ. ಹೆಸರು ‘ಚಿಕಾನೋಗಳ ಹಕ್ಕು ಕಾಯುತ್ತಿರುವ ಗ್ವಾಡಲೂಪೆ ಮಾತೆ’. ಆಗ ಅವರು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ನಿಮ್ಮಂತೆಯೇ ವಿದ್ಯಾರ್ಥಿ. ದೇವಿಯನ್ನು ಅವರು ಕೆಳಗಿಳಿಸಲಿಲ್ಲ, ಅವಮಾನಿಸಲೂ ಇಲ್ಲ. ಇಷ್ಟು ದಿನ ನೀನು ನಮ್ಮ ಮುಂದೆ ಪಟವಾಗಿ ಬಂದೆ, ಈಗ ಒಂದು ಏಟು ಕೊಡು ಅಂದರು. ಗ್ವಾಡಲೂಪೆಯ ರೂಪವನ್ನು ಒಬ್ಬ ಹೆಣ್ಣು ತನ್ನ ಕಣ್ಣಿಂದ ಬದಲಿಸಿದ ಮೊದಮೊದಲ ಚಿತ್ರಗಳಲ್ಲಿ ಇದೊಂದು. ಆಮೇಲೆ ಯೋಲಾಂಡಾ ಲೋಪೆಜ್ 1978ರಲ್ಲಿ ತಮ್ಮನ್ನೇ ಗ್ವಾಡಲೂಪೆಯಾಗಿ, ಓಟದ ಶೂ ಹಾಕಿಕೊಂಡು ಓಡಿ ಬರುವಂತೆ ಚಿತ್ರಿಸಿದರು. 1999ರಲ್ಲಿ ಅಲ್ಮಾ ಲೋಪೆಜ್ ಹೂವಿನ ತುಂಡುಡುಗೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಮಾತೆಯ ಡಿಜಿಟಲ್ ಪ್ರಿಂಟ್ ಮಾಡಿದರು. 2001ರಲ್ಲಿ ಅದು ಸಾಂಟಾ ಫೆ ಮ್ಯೂಸಿಯಮ್ಮಿಗೆ ಬಂದಾಗ ದೊಡ್ಡ ಗಲಾಟೆಯೇ ಆಯಿತು. ಚರ್ಚಿನ ಹಿರಿಯರು ತೆಗೆಯಿರಿ ಅಂದರು. ಗೋಡೆಯಷ್ಟು ದೊಡ್ಡದೇನಲ್ಲ, ಒಂದು ಪುಟ್ಟ ಹಾಳೆ ಅದು!

ಹರ್ನಾಂಡೆಜ್ ಅವರನ್ನು ಇನ್ನೂ ಸ್ವಲ್ಪ ಹೊತ್ತು ಬಿಡುವುದಿಲ್ಲ, ಕ್ಷಮಿಸಿ. ಎಲ್ಲರಿಗೂ ಸಮ ಜಾಗ ಕೊಡಬೇಕು ನಿಜ. ಆದರೆ ಒಂದೇ ಒಂದು ಪ್ರಿಂಟ್ ನೋಡಲು ಸಮಯ ಇದ್ದರೆ ಯಾವುದು ಅಂತ ಕೇಳಿದರೆ ನಾನು ಅವರ 1982ರ ‘ಸನ್ ಮ್ಯಾಡ್’ ಅನ್ನೇ ತೋರಿಸುತ್ತೇನೆ.

ಅವರು ಹುಟ್ಟಿದ್ದು 1944ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹ್ವಾಕೀನ್ ಕಣಿವೆಯ ಡೈನೂಬಾ ಎಂಬ ಸಣ್ಣ ಊರಿನಲ್ಲಿ. ಮನೆಯವರೆಲ್ಲ ಹೊಲದ ಕೂಲಿ. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ, ಅದರಲ್ಲೂ ಒಣದ್ರಾಕ್ಷಿ ಮಾಡುವ ದ್ರಾಕ್ಷಿ. ಆ ಪ್ರದೇಶದ ಒಣದ್ರಾಕ್ಷಿಗೆ ಜಗತ್ತಿನಲ್ಲೆಲ್ಲ ಹೆಸರು ತಂದದ್ದು ಸನ್ ಮೇಡ್ ಎಂಬ ಬ್ರ್ಯಾಂಡ್. ಕೆಂಪು ಡಬ್ಬಿ ನೀವೂ ನೋಡಿರಬಹುದು. ಕೆಂಪು ಟೊಪ್ಪಿಗೆ ಹಾಕಿ, ದ್ರಾಕ್ಷಿ ಬುಟ್ಟಿ ಹಿಡಿದು, ಹಳದಿ ಸೂರ್ಯನ ಮುಂದೆ ನಗುತ್ತಾ ನಿಂತ ಬೆಳ್ಳಗಿನ ಹುಡುಗಿ.

1970ರ ದಶಕದ ಕೊನೆಗೆ ಹರ್ನಾಂಡೆಜ್ ಅವರಿಗೆ ಊರಿನ ಸುದ್ದಿ ಬಂತು. ಕುಡಿಯುವ ನೀರಿನಲ್ಲಿ ಕೀಟನಾಶಕ ಸೇರಿದೆ. ಅದೂ ನಿನ್ನೆ ಮೊನ್ನೆಯದಲ್ಲ, ಎಷ್ಟೋ ವರ್ಷದಿಂದ ಹಾಗೇ ಇತ್ತು. ಮನೆಯವರು ಕುಡಿದದ್ದು, ಅಡುಗೆ ಮಾಡಿದ್ದು, ಸ್ನಾನ ಮಾಡಿದ್ದು ಅದೇ ನೀರಿನಲ್ಲಿ. ಆ ಕಣಿವೆಯ ಅಂತರ್ಜಲಕ್ಕೆ ಡಿಬಿಸಿಪಿ ಎಂಬ ವಿಷ ಸೇರಿದ್ದು ಈಗ ದಾಖಲಾದ ಸಂಗತಿ. ಬೇರಿನ ಹುಳು ಸಾಯಿಸಲು ಮಣ್ಣಿಗೆ ಹಾಕುತ್ತಿದ್ದ ಔಷಧಿ ಅದು. ಅದನ್ನು ತಯಾರಿಸುವ ಕಾರ್ಖಾನೆಯ ಗಂಡಸರಿಗೆ ಮಕ್ಕಳಾಗುತ್ತಿಲ್ಲ ಎಂದು 1977ರಲ್ಲಿ ಗೊತ್ತಾದ ಮೇಲೆಯೇ ಕ್ಯಾಲಿಫೋರ್ನಿಯಾ ಅದನ್ನು ನಿಲ್ಲಿಸಿದ್ದು.

ಈಗ ಚಿತ್ರ ನೋಡಿ. ಅದೇ ಡಬ್ಬಿ. ಅದೇ ಕೆಂಪು, ಅದೇ ಹಳದಿ ಸೂರ್ಯ, ಅದೇ ಟೊಪ್ಪಿಗೆ, ಅದೇ ಬುಟ್ಟಿ. ಹುಡುಗಿಯ ಜಾಗದಲ್ಲಿ ಅಸ್ಥಿಪಂಜರ. ಬ್ರ್ಯಾಂಡಿನ ಹೆಸರಿನಿಂದ ಇಂಗ್ಲಿಷಿನ ಒಂದೇ ಒಂದು ಅಕ್ಷರ ತೆಗೆದರು, ‘ಮೇಡ್’ ಅಂದರೆ ಹುಡುಗಿ ಹೋಗಿ ‘ಮ್ಯಾಡ್’ ಅಂದರೆ ಹುಚ್ಚು ಆಯಿತು, ಸಿಟ್ಟು ಕೂಡ ಆಯಿತು. ಕೆಳಗೆ ಡಬ್ಬಿಯ ಅಕ್ಷರಗಳ ಧಾಟಿಯಲ್ಲೇ ಬರೆದಿದೆ: ಕೀಟನಾಶಕ, ನುಸಿನಾಶಕ, ಕಳೆನಾಶಕ, ಶಿಲೀಂಧ್ರನಾಶಕ ಹಾಕಿ ‘ಅಸಹಜವಾಗಿ ಬೆಳೆದದ್ದು’.

ಇದರ ಜಾಣತನ ಎಲ್ಲಿದೆ ಅಂದರೆ, ಮೊದಲ ನೋಟಕ್ಕೆ ಇದು ಜಾಹೀರಾತೇ. ಅಂಗಡಿಯಲ್ಲಿ ನೂರು ಸಲ ನೋಡಿದ ಡಬ್ಬಿ, ಕಣ್ಣು ಹಾಗೇ ಜಾರಿ ಹೋಗುತ್ತದೆ. ಆಮೇಲೆ ಅರೆ, ಹಲ್ಲು ಯಾಕೆ ಹೀಗಿದೆ ಅಂತ ವಾಪಸ್ ಬರುತ್ತದೆ. ಕಂಪನಿ ಎಷ್ಟೋ ವರ್ಷ ದುಡ್ಡು ಸುರಿದು ಜನರ ಮನಸ್ಸಿನಲ್ಲಿ ಕೂರಿಸಿದ ಚಿತ್ರವನ್ನೇ ಇವರು ಬಿಟ್ಟಿಯಾಗಿ ಬಳಸಿಕೊಂಡರು. ಸ್ಕ್ರೀನ್ ಪ್ರಿಂಟೇ ಯಾಕೆ ಸರಿಹೋಯಿತು ಅನ್ನುವುದೂ ಇಲ್ಲೇ ಇದೆ. ಡಬ್ಬಿಯ ಮೇಲಿನ ಬಣ್ಣ ಚಪ್ಪಟೆ, ಗೆರೆ ದಪ್ಪ, ನೆರಳು ಕಡಿಮೆ. ಸ್ಕ್ರೀನ್ ಪ್ರಿಂಟಿಗೂ ಅದೇ ಗುಣ. ಎಣ್ಣೆ ಬಣ್ಣದಲ್ಲಿ ಇದನ್ನೇ ಮಾಡಿದ್ದರೆ ಡಬ್ಬಿಯ ಭ್ರಮೆ ಹುಟ್ಟುತ್ತಲೇ ಇರಲಿಲ್ಲ.

ಅಸ್ಥಿಪಂಜರಕ್ಕೂ ವಂಶಾವಳಿ ಇದೆ. ಮೆಕ್ಸಿಕೊದ ಹೊಸೆ ಗ್ವಾಡಲೂಪೆ ಪೊಸಾಡಾ, 1913ರಲ್ಲಿ ತೀರಿಕೊಂಡ ಅಚ್ಚುಕಲಾವಿದ, ಟೊಪ್ಪಿಗೆ ಹಾಕಿದ ತಲೆಬುರುಡೆಗಳ ಮೂಲಕ ಶ್ರೀಮಂತರನ್ನು ಗೇಲಿ ಮಾಡಿ ಬಿಡಿ ಹಾಳೆಗಳಲ್ಲಿ ಅಗ್ಗಕ್ಕೆ ಹಂಚುತ್ತಿದ್ದ. ಸತ್ತವರ ಹಬ್ಬದಲ್ಲಿ ಬುರುಡೆ ನೋಡಿ ನಗುವ ಜನ ಮೆಕ್ಸಿಕನ್ನರು. ಹರ್ನಾಂಡೆಜ್ ಅವರ ಚಿತ್ರದಲ್ಲಿ ಆ ನಗುವೂ ಇದೆ, ಆದರೆ ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು ಗಮನಿಸಿ. ಕೂಲಿಗಳ ಸಂಘದ ಚಾವೆಜ್ ಕೀಟನಾಶಕದ ವಿರುದ್ಧ 36 ದಿನ ಉಪವಾಸ ಕೂತದ್ದು 1988ರಲ್ಲಿ. ಈ ಹಾಳೆ ಅದಕ್ಕಿಂತ ಆರು ವರ್ಷ ಮೊದಲಿನದು.

ಈಗ ಆ ‘ನಾ’ ಒಳಗಿನ ಜಗಳ. ಚಳವಳಿ ಹೊರಗಿನ ಅನ್ಯಾಯದ ಬಗ್ಗೆ ಗಟ್ಟಿಯಾಗಿ ಮಾತಾಡಿತು. ಮನೆಯೊಳಗಿನದ್ದು ಬಂದಾಗ, ಈಗ ಬೇಡ, ಒಗ್ಗಟ್ಟು ಮುಖ್ಯ ಅನ್ನುವ ಮಾತು ಬರುತ್ತಿತ್ತು. ಎಲ್ಲ ಚಳವಳಿಯಲ್ಲೂ ಕೇಳಿದ ಮಾತೇ, ಅಲ್ವಾ? ಬಾರ್ಬರಾ ಕರಾಸ್ಕೊ ಅವರ 1978ರ ಲಿಥೋಗ್ರಾಫ್ (ಕಲ್ಲಚ್ಚು) ಇದಕ್ಕೆ ಉತ್ತರ. ಒಬ್ಬ ತುಂಬು ಬಸುರಿ, ನೂಲಿನ ಉಂಡೆಯೊಳಗೆ ಮುದುಡಿಕೊಂಡು ಸಿಕ್ಕಿಬಿದ್ದಿದ್ದಾಳೆ. ನೂಲೇ ಕಟ್ಟು. ಹೆಣಿಗೆ, ಬಸಿರು, ಮನೆ, ಎಲ್ಲ ಒಳ್ಳೆಯ ಮಾತುಗಳೇ. ಅವೇ ಸುತ್ತಿಕೊಂಡರೆ ಹೇಗಿರುತ್ತದೆ ಅಂತ ತೋರಿಸಿದ್ದಾರೆ. ಪೋಸ್ಟರಿನ ಘೋಷಣೆ ಇಲ್ಲಿಲ್ಲ. ಕರಾಸ್ಕೊ ಕೂಲಿಗಳ ಸಂಘಕ್ಕಾಗಿ ವರ್ಷಗಟ್ಟಲೆ ಬ್ಯಾನರ್ ಬರೆದವರು. ಅಂದರೆ ಹೊರಗೆ ನಿಂತು ಟೀಕೆ ಮಾಡಿದವರಲ್ಲ.

ಅವರದೇ ಇನ್ನೊಂದು ಪ್ರಿಂಟ್ 1999ರದು, ಡೊಲೊರೆಸ್ ಹುಯೆರ್ಟಾ ಅವರ ಮುಖ. ಹುಯೆರ್ಟಾ ಸಂಘದ ಸ್ಥಾಪಕಿ, ಮಾಲೀಕರ ಜೊತೆ ಒಪ್ಪಂದದ ಮಾತುಕತೆಗೆ ಕೂತವರು, ‘ಸೀ ಸೆ ಪುಎದೆ’, ಅಂದರೆ ಹೌದು, ಆಗುತ್ತದೆ, ಎಂಬ ಘೋಷಣೆ ಕೊಟ್ಟವರು. ಆದರೂ ಪೋಸ್ಟರುಗಳಲ್ಲಿ ಚಾವೆಜ್ ಮುಖ ಎಷ್ಟು ಸಲ ಬಂದಿದೆ, ಇವರದ್ದು ಎಷ್ಟು ಸಲ? ಹುಯೆರ್ಟಾ ಅವರ ಮುಖ ಬರೆದ ಕರಾಸ್ಕೊ ‘ಡೊಲೊರೆಸ್’ ಎಂದು ಮೊದಲ ಹೆಸರನ್ನಷ್ಟೇ ಹಾಕಿದರು. ಎಲ್ಲರಿಗೂ ಗೊತ್ತಿರುವ ಮನುಷ್ಯಳಿಗೆ ಮಾತ್ರ ಹಾಗೆ ಬರೆಯಬಹುದು. ಗೊತ್ತಿರಬೇಕಿತ್ತು ಅನ್ನುವ ಕುಟುಕೂ ಅದರಲ್ಲಿದೆ ಅಂತ ನನ್ನ ಓದು.

ಹೆಸರು ಕಳೆದುಹೋಗುವುದಕ್ಕೆ ಒಳ್ಳೆಯ ಉದಾಹರಣೆ ಯೋಲಾಂಡಾ ಲೋಪೆಜ್. 1942ರಲ್ಲಿ ಸ್ಯಾನ್ ಡಿಯೆಗೊದಲ್ಲಿ, ಮೆಕ್ಸಿಕೊ ಗಡಿಯ ಪಕ್ಕದಲ್ಲೇ ಹುಟ್ಟಿದವರು. 1978ರಲ್ಲಿ ಅವರೊಂದು ಪೋಸ್ಟರ್ ಮಾಡಿದರು. ಅಜ್ಟೆಕ್ ಶಿರಸ್ತ್ರಾಣ ತೊಟ್ಟ ಒಬ್ಬ ಸಿಟ್ಟಿನಿಂದ ನೇರ ನಿಮ್ಮತ್ತ ಬೆರಳು ತೋರಿಸುತ್ತಿದ್ದಾನೆ. ಇನ್ನೊಂದು ಕೈಯಲ್ಲಿ ಸರ್ಕಾರದ ವಲಸೆ ಯೋಜನೆಯ ಕಾಗದ ಮುದುಡುತ್ತಿದೆ. ಕೇಳುತ್ತಿದ್ದಾನೆ: ಯಾರಪ್ಪಾ ಅಕ್ರಮ ವಲಸಿಗ, ಪಿಲ್ಗ್ರಿಮ್? 17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದಿಳಿದ ಬಿಳಿಯರನ್ನು ಅಮೆರಿಕದಲ್ಲಿ ಪಿಲ್ಗ್ರಿಮ್ ಅನ್ನುತ್ತಾರೆ. ಸೈನ್ಯಕ್ಕೆ ಸೇರಿ ಎಂದು ಬೆರಳು ತೋರಿಸುವ, ಅಮೆರಿಕ ಸರ್ಕಾರದ ಪ್ರತೀಕವಾದ ಅಂಕಲ್ ಸ್ಯಾಮ್ ಪೋಸ್ಟರನ್ನು ಅವರು ತಿರುಗಿಸಿ ಹೊಡೆದರು. ವಲಸೆ ಕಾನೂನಿನ ಗಲಾಟೆ ಎದ್ದಾಗಲೆಲ್ಲ ಆ ಚಿತ್ರ ಮತ್ತೆ ಬೀದಿಗೆ ಬರುತ್ತದೆ. ನೋಡಿದವರಿಗೆ ನೆನಪಿರುವುದು ಬೆರಳು ತೋರಿಸುವ ಗಂಡಸು. ಬರೆದವರು ಒಬ್ಬ ಹೆಂಗಸು ಎಂದು ಹಾಳೆ ಕೂಗಿ ಹೇಳುವುದಿಲ್ಲ. ಲೋಪೆಜ್ 2021ರ ಸೆಪ್ಟೆಂಬರಿನಲ್ಲಿ 78ನೇ ವಯಸ್ಸಿನಲ್ಲಿ ತೀರಿಕೊಂಡರು. ಮ್ಯೂಸಿಯಮ್ಮಿನಲ್ಲಿ ಅವರೊಬ್ಬರದೇ ಕೃತಿಗಳ ಮೊದಲ ಪ್ರದರ್ಶನ, ಅದೂ ಅವರ ಸ್ವಂತ ಊರಿನಲ್ಲಿ, ತೆರೆದದ್ದು ಅಕ್ಟೋಬರಿನಲ್ಲಿ.

ಎಲ್ಲರೂ ಬೀದಿಗಾಗಿಯೇ ಮಾಡಲಿಲ್ಲ. ಟೆಕ್ಸಸಿನ ಕಿಂಗ್ಸ್‌ವಿಲ್ ಊರಿನ ಕಾರ್ಮೆನ್ ಲೋಮಸ್ ಗಾರ್ಜಾ ಅವರ 1972ರ ಎಚಿಂಗಿನಲ್ಲಿ ಮನೆಯವರೆಲ್ಲ ಅಂಗಳದಲ್ಲಿ ಕೂತು ಲೋತೆರಿಯಾ ಆಡುತ್ತಿದ್ದಾರೆ. ನಮ್ಮ ಹೌಸಿ ಇದ್ದಂತೆ, ಅಂಕಿಯ ಬದಲು ಚಿತ್ರ. ಇದರಲ್ಲೇನು ರಾಜಕೀಯ ಅಂತ ಕೇಳಬಹುದು. ಶಾಲೆಯಲ್ಲಿ ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಶಿಕ್ಷೆ ತಿಂದ ಹುಡುಗಿ, ದೊಡ್ಡವಳಾಗಿ ತನ್ನ ಮನೆ, ತನ್ನ ಆಟ, ತನ್ನ ಅಡುಗೆಯನ್ನು ನಾಚಿಕೆಯಿಲ್ಲದೆ ಲೋಹದ ತಗಡಿನ ಮೇಲೆ ಕೊರೆದು ಅಚ್ಚು ಹಾಕುವುದು ಎಂಥ ರಾಜಕೀಯ ಎಂದು ಕನ್ನಡ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಇವರಿಗೆಲ್ಲ ಕೆಲಸ ಮಾಡಲು ಜಾಗ ಎಲ್ಲಿತ್ತು? ಪೂರ್ವ ಲಾಸ್ ಏಂಜಲೀಸಿನ ಸೆಲ್ಫ್ ಹೆಲ್ಪ್ ಗ್ರಾಫಿಕ್ಸ್ ಬಗ್ಗೆ ಒಂದು ಪ್ಯಾರಾ ಇಟ್ಟುಕೊಳ್ಳಿ. 1970ರ ದಶಕದ ಶುರುವಿನಲ್ಲಿ ಒಂದು ಗ್ಯಾರೇಜಿನಲ್ಲಿ ಹುಟ್ಟಿದ ಸಂಸ್ಥೆ. ಕಟ್ಟಿದವರಲ್ಲಿ ಮುಖ್ಯರು ಸಿಸ್ಟರ್ ಕ್ಯಾರೆನ್ ಬೊಕಲೇರೋ, ಫ್ರಾನ್ಸಿಸ್ಕನ್ ಪಂಥದ ಸನ್ಯಾಸಿನಿ, ಸ್ವತಃ ಪ್ರಿಂಟ್ ಕಲಾವಿದೆ. ಚಿಕಾನಾ ಅಲ್ಲ, ಇಟಾಲಿಯನ್ ಮೂಲದವರು. ಅಲ್ಲಿನ ಪದ್ಧತಿ ಸರಳ. ಕಲಾವಿದರನ್ನು ಕರೆಸುತ್ತಾರೆ, ನುರಿತ ಪ್ರಿಂಟರ್ ಜೊತೆಗಿರುತ್ತಾರೆ, ಒಂದು ಎಡಿಷನ್, ಅಂದರೆ ಇಷ್ಟೇ ಪ್ರತಿ ಎಂದು ಎಣಿಸಿದ ಕಂತು, ಅಚ್ಚಾಗುತ್ತದೆ. ಅದರಲ್ಲಿ ಒಂದು ಪಾಲು ಕಲಾವಿದರಿಗೆ, ಒಂದು ಪಾಲು ಸಂಸ್ಥೆಗೆ. ಅದನ್ನು ಮಾರಿ ಮುಂದಿನ ಕೆಲಸ. ಕರಾಸ್ಕೊ ಅವರ ಡೊಲೊರೆಸ್ ಬಂದದ್ದು ಇಲ್ಲಿಂದಲೇ. 1999ರಲ್ಲಿ ಇಲ್ಲಿ ಮಹಿಳೆಯರದೇ ಆದ ಒಂದು ಅಟೆಲಿಯರ್, ಅಂದರೆ ಅಚ್ಚಿನ ಕಾರ್ಯಾಗಾರ ನಡೆಯಿತು. ಹೆಸರು ಮಾಯೆಸ್ತ್ರಾಸ್, ಅಂದರೆ ಗುರುಗಳು, ಸ್ತ್ರೀಲಿಂಗದಲ್ಲಿ. ಇರೇನಾ ಸರ್ವಾಂಟೆಜ್ ಅವರ ಹೆಸರನ್ನು ಈ ಜಾಗದ ಜೊತೆಗೇ ಓದಿ. ಒಂದೇ ಹಾಳೆಯಲ್ಲಿ ಅಜ್ಟೆಕ್ ಚಿಹ್ನೆ, ಊರಿನ ನಕ್ಷೆ, ಕೈಬರಹ ಎಲ್ಲ ಹೆಣೆಯುವ ಸೂಕ್ಷ್ಮ ಕೈ ಅವರದು.

ಯಾಕೆ ಮರೆತರು ಅನ್ನುವುದಕ್ಕೆ ಇಷ್ಟು ಹೇಳಿದ ಮೇಲೆ ಉಳಿದದ್ದು ಸ್ವಲ್ಪ. ಮ್ಯೂಸಿಯಮ್ಮುಗಳು ಇವನ್ನು ಪ್ರಚಾರ ಸಾಮಗ್ರಿ ಅಂದುಕೊಂಡವು. ಚಳವಳಿಯ ಇತಿಹಾಸ ಬರೆದವರು ನಾಯಕರನ್ನು ಹುಡುಕಿದರು. ಆಗಿನ ಬಿಳಿ ಸ್ತ್ರೀವಾದಿ ಕಲಾವಲಯಕ್ಕೆ ದ್ರಾಕ್ಷಿ ತೋಟದ ನೀರು ದೂರದ ವಿಷಯ. ಜೊತೆಗೆ, ಎಷ್ಟೋ ಪೋಸ್ಟರಿನಲ್ಲಿ ಕಲಾವಿದರ ಸಹಿಗಿಂತ ಸಂಘದ ಮೊಹರೇ ದೊಡ್ಡದು, ಅದನ್ನು ಅವರೇ ಬೇಕೆಂದು ಮಾಡಿದ್ದು. ಅದನ್ನು ಬರೀ ಅನ್ಯಾಯ ಅಂತ ಬರೆದರೆ ಅವರ ಆಯ್ಕೆಯನ್ನೇ ಅಳಿಸಿದಂತೆ. ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2020ರ ನವೆಂಬರಿನಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂ 119 ಚಿಕಾನೋ ಗ್ರಾಫಿಕ್ಸ್ ಕೃತಿಗಳ ಪ್ರದರ್ಶನ ಇಟ್ಟಿತು. ತೆರೆದ ಕೆಲವೇ ದಿನಕ್ಕೆ ಕೋವಿಡ್ಡಿನಿಂದ ಬಾಗಿಲು ಹಾಕಿ, ಮುಂದಿನ ಮೇ ತಿಂಗಳಲ್ಲಿ ಮತ್ತೆ ತೆರೆದರು. ‘ಸನ್ ಮ್ಯಾಡ್’ ಈಗ ಆ ಮ್ಯೂಸಿಯಮ್ಮಿನ ಸಂಗ್ರಹದಲ್ಲೇ ಇದೆ. ಅವರ ಜಾಲತಾಣದಲ್ಲಿ ಚಿತ್ರ ಸಿಗುತ್ತದೆ, ಪರದೆ ಮೇಲೆ ದೊಡ್ಡದು ಮಾಡಿ ತೋರಿಸಿ.

ಸೆಮಿನಾರಿಗೆ ನನ್ನದೊಂದು ಸಲಹೆ. ಹತ್ತು ಕಲಾವಿದೆಯರ ಪಟ್ಟಿ ಓದಬೇಡಿ, ಕೂತವರು ಸುಮ್ನೆ ಮೊಬೈಲು ತೆಗೆಯುತ್ತಾರೆ. ಎರಡೇ ಚಿತ್ರ ಅಕ್ಕಪಕ್ಕ ಇಡಿ. ಒಂದು 1982ರ ‘ಸನ್ ಮ್ಯಾಡ್’. ಇನ್ನೊಂದು ಅದೇ ಹರ್ನಾಂಡೆಜ್ 2008ರಲ್ಲಿ ಮಾಡಿದ ‘ಸನ್ ರೇಡ್’. ಡಬ್ಬಿ ಅದೇ, ಸೂರ್ಯ ಅದೇ, ಅಸ್ಥಿಪಂಜರವೂ ಅದೇ. ರೇಡ್ ಅಂದರೆ ದಾಳಿ, ಈ ಸಲ ಅದು ವಲಸೆ ಪೊಲೀಸರದು. ಮೈಮೇಲೆ ಮೆಕ್ಸಿಕೊದ ಮೂಲನಿವಾಸಿ ಹೆಂಗಸರ ಕಸೂತಿ ರವಿಕೆ. ಕೆಳಗಿನ ಬರಹದಲ್ಲಿ ಕೀಟನಾಶಕಗಳ ಜಾಗಕ್ಕೆ ಮಿಕ್ಸ್‌ಟೆಕ್, ಸಪೊಟೆಕ್ ಮುಂತಾದ ಜನಾಂಗಗಳ ಹೆಸರು, ಜೊತೆಗೆ ‘ಗಡಿಪಾರು ಗ್ಯಾರಂಟಿ’. ಇಪ್ಪತ್ತಾರು ವರ್ಷದಲ್ಲಿ ಏನು ಬದಲಾಗಿದೆ ಅಂತ ತರಗತಿಯನ್ನೇ ಕೇಳಿ. ಯಾರಿಗೂ ಹೊಳೆಯದಿದ್ದರೆ ಅಸ್ಥಿಪಂಜರದ ಮಣಿಕಟ್ಟು ತೋರಿಸಿ. ಅಲ್ಲಿರುವುದು ಬಳೆ ಅಲ್ಲ, ವಲಸೆ ಇಲಾಖೆಯವರು ಕಣ್ಣಿಡಲು ತೊಡಿಸಿದ ಪಟ್ಟಿ.